ಚಿತ್ರ ಬರೆದವನು, ಕಥೆ ಬರೆದವನು

1961ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಪತ್ರಿಕೆ ಅಂಗಡಿಗಳಿಗೆ ಹತ್ತು ಸೆಂಟು ಬೆಲೆಯ ಒಂದು ಚಿತ್ರಕಥೆಯ ಪುಸ್ತಕ ಬಂದಿತು. ಕಾಗದ ಅಗ್ಗದ್ದು, ಅಚ್ಚು ಒರಟು. ಹುಡುಗರು ಓದಿ, ಮಡಿಸಿ, ಹಿಂದಿನ ಜೇಬಿಗೆ ತುರುಕಿಕೊಂಡು, ಕೊನೆಗೊಂದು ದಿನ ಎಲ್ಲೋ ಎಸೆದುಬಿಡುವುದಕ್ಕೆಂದೇ ಹುಟ್ಟಿದ ಸರಕು. ರಕ್ಷಾಪುಟದ ಮೇಲೆ ನಗರದ ರಸ್ತೆಯನ್ನು ಸೀಳಿಕೊಂಡು ಒಂದು ಭೂತಾಕೃತಿ ಮೇಲೆದ್ದಿದೆ. ಅದರ ಸುತ್ತ ನಾಲ್ಕು ಜನ. ಒಬ್ಬನ ಮೈ ರಬ್ಬರಿನಂತೆ ಹಿಗ್ಗಿದೆ. ಒಬ್ಬಳು ಅರ್ಧ ಮಾಯವಾಗಿದ್ದಾಳೆ. ಒಬ್ಬ ಉರಿಯುವ ಬೆಂಕಿಯಾಗಿ ಹಾರುತ್ತಿದ್ದಾನೆ. ನಾಲ್ಕನೆಯವನು ಕಿತ್ತಳೆ ಬಣ್ಣದ ಜೇಡಿಮಣ್ಣಿನ ಮುದ್ದೆಯಂತಿದ್ದಾನೆ. ಪುಸ್ತಕದ ಹೆಸರು ‘ಫೆಂಟಾಸ್ಟಿಕ್ ಫೋರ್’. ಒಳಗೆ ಮೊದಲ ಪುಟದಲ್ಲಿ ಎರಡು ಸಹಿಗಳಿದ್ದುವು: ಒಂದು ಸ್ಟ್ಯಾನ್ ಲೀ, ಇನ್ನೊಂದು ಜೆ. ಕರ್ಬಿ. ಈ ಎರಡು ಹೆಸರುಗಳ ನಡುವಣ ಲೆಕ್ಕ ತೀರಬೇಕಾದರೆ ಐವತ್ತಮೂರು ವರ್ಷ ಹಿಡಿಯಿತು.

ಅತಿಮಾನುಷ ವೀರರ ಕಥೆ ಎಂದರೆ ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ಇಂದ್ರಜಾಲ ಕಾಮಿಕ್ಸ್ ಮಾಲೆ ಕನ್ನಡದಲ್ಲಿಯೂ ಬರುತ್ತಿದ್ದ ದಿನಗಳಲ್ಲಿ ಫ್ಯಾಂಟಮ್ಮನನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದಿದವರೂ ದೊಡ್ಡವರಾದ ಮೇಲೆ ಅದನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಇರಲಿ. 2025ರ ಜುಲೈಯಲ್ಲಿ ಈ ನಾಲ್ವರ ಕಥೆ ಮತ್ತೊಮ್ಮೆ ಚಲನಚಿತ್ರವಾಗಿ ತೆರೆಗೆ ಬಂದಿತು. 1960ರ ದಶಕದ ವೇಷಭೂಷಣ, ಆ ಕಾಲದ ಕನಸಿನ ನಗರ. ಆ ಕಥೆ ನಡೆಯುವ ಲೋಕಕ್ಕೆ ‘828’ ಎಂಬ ಅಂಕಿಯನ್ನು ಹೆಸರಾಗಿ ಇಟ್ಟಿದ್ದಾರೆ. ಎಂಟನೆಯ ತಿಂಗಳು, ಇಪ್ಪತ್ತೆಂಟನೆಯ ತಾರೀಖು: ಜ್ಯಾಕ್ ಕರ್ಬಿಯ ಹುಟ್ಟುಹಬ್ಬ. ಬದುಕಿದ್ದಾಗ ತನ್ನ ಚಿತ್ರಗಳನ್ನೇ ವಾಪಸು ಪಡೆಯಲು ಅಂಗಲಾಚಬೇಕಾದವನಿಗೆ ಸತ್ತ ಮೇಲೆ ಒಂದು ಲೋಕವನ್ನೇ ಬರೆದುಕೊಟ್ಟರು. ಚಲನಚಿತ್ರ ನೋಡಿದವರು ಬಹಳ ಜನ; ಮೂಲ ಪುಸ್ತಕಗಳ ಪುಟ ತಿರುವಿ ನೋಡಿದವರು ಕಡಮೆ. ಪುಟ ತಿರುವಿದರೆ ಏನು ಕಾಣುತ್ತದೆ ಎಂಬುದೇ ಈ ಬರೆಹದ ವಿಷಯ.

ಕಥೆಯ ಬೀಜ ಸರಳವಾದದ್ದು. ಅದೇ ವರ್ಷ ಏಪ್ರಿಲಿನಲ್ಲಿ ರಷ್ಯದ ಗಗಾರಿನ್ ಆಕಾಶಕ್ಕೆ ಹೋಗಿಬಂದಿದ್ದ. ಕಮ್ಯೂನಿಸ್ಟರು ನಮಗಿಂತ ಮುಂದೆ ಹೋಗಿಬಿಟ್ಟಾರು ಎಂಬ ಆತಂಕದಲ್ಲಿ ರೀಡ್ ರಿಚರ್ಡ್ಸ್ ಎಂಬ ವಿಜ್ಞಾನಿ ಅಪ್ಪಣೆಯಿಲ್ಲದೆಯೇ ಒಂದು ರಾಕೆಟ್ಟನ್ನು ಹಾರಿಸಿಕೊಂಡು ಹೋಗುತ್ತಾನೆ. ಜೊತೆಗೆ ಅವನ ಪ್ರೇಯಸಿ ಸೂ, ಅವಳ ತಮ್ಮ ಜಾನಿ, ಮತ್ತು ವಿಮಾನ ನಡೆಸುವ ಗೆಳೆಯ ಬೆನ್ ಗ್ರಿಮ್. ವಿಶ್ವಕಿರಣಗಳ ಅಪಾಯವುಂಟು ಎಂದು ಬೆನ್ ಮೊದಲೇ ಎಚ್ಚರಿಸುತ್ತಾನೆ. ಸೂ ಅವನನ್ನು ಹೇಡಿ ಎನ್ನುತ್ತಾಳೆ. ಆ ಒಂದು ಮಾತಿಗಾಗಿ ಅವನು ಹೊರಡುತ್ತಾನೆ. ಕಿರಣಗಳು ನಾಲ್ವರ ಮೈಯನ್ನೂ ಬದಲಾಯಿಸುತ್ತವೆ. ಮೂವರಿಗೆ ಬೇಕೆಂದಾಗ ಬಂದು ಬೇಡವೆಂದಾಗ ಹೋಗುವ ಶಕ್ತಿ ದೊರೆತರೆ, ಎಚ್ಚರಿಕೆ ಹೇಳಿದವನು ಮಾತ್ರ ಶಾಶ್ವತವಾಗಿ ಕುರೂಪಿಯಾಗುತ್ತಾನೆ. ಅವನಿಗೆ ‘ಥಿಂಗ್’ ಎಂದೇ ಹೆಸರು. ಮನುಷ್ಯನಲ್ಲ, ಒಂದು ವಸ್ತು.

ಇದಕ್ಕೆ ಹಿಂದೆ ವೀರರ ತಂಡಗಳು ಇರಲಿಲ್ಲವೆಂದಲ್ಲ. 1960ರಲ್ಲಿ ಬೇರೊಂದು ಕಂಪೆನಿ ತನ್ನ ವೀರರನ್ನೆಲ್ಲ ಕೂಡಿಸಿ ‘ಜಸ್ಟಿಸ್ ಲೀಗ್’ ಎಂಬ ಪುಸ್ತಕವನ್ನು ಹೊರತಂದಿತ್ತು. ಅದು ಚೆನ್ನಾಗಿ ಮಾರಾಟವಾದದ್ದೇ ಈ ನಾಲ್ವರ ಹುಟ್ಟಿಗೆ ಕಾರಣ. ಆದರೆ ಆ ತಂಡದವರು ಸಭೆ ಸೇರಿದ ಗಣ್ಯರಂತೆ ನಡೆದುಕೊಳ್ಳುತ್ತಿದ್ದರು. ಈ ನಾಲ್ವರಾದರೋ ಒಂದೇ ಸೂರಿನ ಕೆಳಗಿನ ಜನ. ಮುಖವಾಡವಿಲ್ಲ, ಗುಟ್ಟಿನ ಬದುಕಿಲ್ಲ. ಮೊದಲ ಎರಡು ಸಂಚಿಕೆಗಳಲ್ಲಿ ಸಮವಸ್ತ್ರವೂ ಇಲ್ಲ. ಇರುವುದೆಲ್ಲ ಜಗಳ. ಜಾನಿ ಬೆನ್ನನನ್ನು ಕೆಣಕುತ್ತಾನೆ, ಬೆನ್ ಮೇಜು ಮುರಿಯುತ್ತಾನೆ, ರೀಡ್ ತನ್ನ ಯಂತ್ರದಿಂದ ತಲೆಯೆತ್ತುವುದಿಲ್ಲ. ಒಂಬತ್ತನೆಯ ಸಂಚಿಕೆಯಲ್ಲಿ ಷೇರು ಪೇಟೆಯಲ್ಲಿ ಹಣ ಕಳೆದುಕೊಂಡು ನಾಲ್ವರೂ ದಿವಾಳಿಯೆದ್ದು ಮನೆ ಖಾಲಿ ಮಾಡುವ ಪ್ರಸಂಗವಿದೆ. ಲೋಕ ಕಾಯುವವರಿಗೂ ಮನೆ ಬಾಡಿಗೆಯ ಚಿಂತೆ! ಓದುಗರು ಇವರನ್ನು ತಮ್ಮವರೆಂದು ಹಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕರ್ಬಿಯ ನಿಜನಾಮ ಜೇಕಬ್ ಕರ್ಟ್ಸ್‌ಬರ್ಗ್. 1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ ಹುಟ್ಟಿದನು. ತಂದೆತಾಯಿ ಆಸ್ಟ್ರಿಯದಿಂದ ವಲಸೆ ಬಂದ ಯೆಹೂದಿಗಳು. ತಂದೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೂಲಿ. ಬೀದಿಬೀದಿಗೆ ಹುಡುಗರ ದಂಡು, ದಿನಬೆಳಗಾದರೆ ಹೊಡೆದಾಟ. ಚಿತ್ರಕಲೆಯ ಶಾಲೆ ಸೇರಿ ಒಂದು ವಾರದಲ್ಲೇ ಬಿಟ್ಟನು. ಉಳಿದುದೆಲ್ಲ ಪತ್ರಿಕೆಯ ವ್ಯಂಗ್ಯಚಿತ್ರಗಳನ್ನೂ ಸಿನಿಮಾಗಳನ್ನೂ ನೋಡಿ ನೋಡಿ ಕಲಿತ ವಿದ್ಯೆ. ಪಾಪೈ ನಾವಿಕನ ಚಲಿಸುವ ಚಿತ್ರಗಳನ್ನು ಮಾಡುತ್ತಿದ್ದ ಕಂಪೆನಿಯಲ್ಲಿ ಒಂದು ಭಂಗಿಗೂ ಇನ್ನೊಂದು ಭಂಗಿಗೂ ನಡುವಿನ ಚಿತ್ರಗಳನ್ನು ಬರೆಯುವ ಕೆಲಸ ಸಿಕ್ಕಿತು. ಅಲ್ಲಿಯ ಸಾಲುಸಾಲು ಮೇಜುಗಳು ಅಪ್ಪನ ಕಾರ್ಖಾನೆಯನ್ನೇ ನೆನಪಿಗೆ ತರುತ್ತಿದ್ದುವೆಂದು ಮುಂದೆ ಹೇಳಿಕೊಂಡಿದ್ದಾನೆ. ಈ ಕಾರ್ಖಾನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೆ ಕೆಲಸವಿದೆ.

ಜೋ ಸೈಮನ್ ಎಂಬ ಗೆಳೆಯನೊಡನೆ ಸೇರಿ ಅವನು ಸೃಷ್ಟಿಸಿದ ‘ಕ್ಯಾಪ್ಟನ್ ಅಮೆರಿಕ’ 1940ರ ಡಿಸೆಂಬರಿನಲ್ಲಿ ಅಂಗಡಿಗೆ ಬಂದಾಗ, ರಕ್ಷಾಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷವಿತ್ತು. ಕಾಗದದ ಮೇಲೆ ಹೊಡೆದವನು 1944ರಲ್ಲಿ ಕಾಲಾಳಾಗಿ ನಾರ್ಮಂಡಿಯ ದಡದಲ್ಲಿ ಇಳಿದನು. ಚಿತ್ರ ಬರೆಯಬಲ್ಲವನೆಂದು ತಿಳಿದ ಅಧಿಕಾರಿ ಅವನನ್ನು ಮುಂದೆ ಕಳುಹಿಸಿ ಶತ್ರುವಿನ ನೆಲೆಗಳ ನಕ್ಷೆ ಬರೆದು ತರುವ ಕೆಲಸಕ್ಕೆ ಹಚ್ಚಿದನಂತೆ. ಅದಕ್ಕಿಂತ ಅಪಾಯದ ಚಿತ್ರಕಲೆ ಇನ್ನೊಂದಿರಲಾರದು. ಚಳಿಗಾಲದ ಹಿಮದಲ್ಲಿ ಎರಡು ಕಾಲೂ ಮರಗಟ್ಟಿ, ಕತ್ತರಿಸಬೇಕಾದೀತೆಂದು ವೈದ್ಯರು ಯೋಚಿಸುವಷ್ಟಾಗಿ, ಹೇಗೋ ಉಳಿದು ಮನೆಗೆ ಬಂದನು. ಹೆಂಡತಿ ರೋಜ್ ಕಾದಿದ್ದಳು, ಮದುವೆಯಾದದ್ದು 1942ರಲ್ಲಿ.

ಮುಂದಿನ ಹತ್ತು ವರ್ಷ ಪ್ರೇಮಕಥೆ, ಅಪರಾಧಕಥೆ, ದನಗಾಹಿಗಳ ಕಥೆ, ಕೊಟ್ಟದ್ದನ್ನೆಲ್ಲ ಬರೆದನು. 1954ರಲ್ಲಿ ವರ್ಥಮ್ ಎಂಬ ಮನೋವೈದ್ಯನು ಚಿತ್ರಕಥೆಗಳಿಂದ ಮಕ್ಕಳು ಕೆಡುತ್ತಾರೆಂದು ಪುಸ್ತಕ ಬರೆದನು. ಸೆನೆಟ್ಟಿನ ಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಕಂಪೆನಿಗಳು ಒಂದೊಂದಾಗಿ ಬಾಗಿಲು ಮುಚ್ಚಿದುವು. ಆ ದಶಕ ಮುಗಿಯುವ ಹೊತ್ತಿಗೆ ನಲವತ್ತು ದಾಟಿದ, ಮಕ್ಕಳೊಂದಿಗನಾದ ಕರ್ಬಿ, ಮಾರ್ಟಿನ್ ಗುಡ್‌ಮನ್ನನ ಸಣ್ಣ ಕಂಪೆನಿಯ ಬಾಗಿಲು ತಟ್ಟಿದನು. ಅಲ್ಲಿಯ ಸಂಪಾದಕ ಸ್ಟ್ಯಾನ್ ಲೀ. ಮುಂದೆ ‘ಮಾರ್ವೆಲ್’ ಎಂದು ಜಗತ್ಪ್ರಸಿದ್ಧವಾದದ್ದು ಈ ಕಂಪೆನಿಯೇ. ಪುಟಕ್ಕೆ ಇಷ್ಟು ಎಂದು ಕೂಲಿ. ಸಂಬಳವಿಲ್ಲ, ಮಾರಾಟದಲ್ಲಿ ಪಾಲಿಲ್ಲ. ಲಾಂಗ್ ಐಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ, ಮನೆಯವರು ‘ಕತ್ತಲೆಕೋಣೆ’ ಎಂದು ಕರೆಯುತ್ತಿದ್ದ ಪುಟ್ಟ ಕೊಠಡಿಯಲ್ಲಿ, ಚುಟ್ಟಾ ಸೇದುತ್ತ ರಾತ್ರಿಯಿಡೀ ಬರೆಯುತ್ತಿದ್ದನು. ವರ್ಷಕ್ಕೆ ಸಾವಿರ ಪುಟ ಮೀರಿದ ವರ್ಷಗಳೂ ಉಂಟು.

ಇಲ್ಲಿ ಆ ಅಂಗಡಿಯ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಜಗಳದ ಬೇರು ಇರುವುದು ಅಲ್ಲಿಯೇ. ಸಾಮಾನ್ಯವಾಗಿ ಚಿತ್ರಕಥೆಗೆ ಮೊದಲು ಲೇಖಕನು ನಾಟಕದಂತೆ ಪೂರ್ತಿ ಬರೆದುಕೊಡುತ್ತಾನೆ: ಇಂತಹ ಚೌಕದಲ್ಲಿ ಇಂತಹ ದೃಶ್ಯ, ಇಂತಹವನ ಬಾಯಲ್ಲಿ ಇಂತಹ ಮಾತು. ಚಿತ್ರಕಾರ ಅದನ್ನು ಬಿಡಿಸುತ್ತಾನೆ. ಲೀ ಏಕಕಾಲಕ್ಕೆ ಹಲವು ಪುಸ್ತಕಗಳನ್ನು ಸಂಪಾದಿಸಿ ತಾನೇ ಬರೆಯಬೇಕಾಗಿದ್ದುದರಿಂದ ಅಷ್ಟಕ್ಕೆ ಅವನಿಗೆ ಪುರಸೊತ್ತಿರಲಿಲ್ಲ. ಆದ್ದರಿಂದ ಕಥೆಯ ಎಳೆಯನ್ನು ಇಬ್ಬರೂ ಮಾತನಾಡಿಕೊಳ್ಳುವುದು, ಒಮ್ಮೊಮ್ಮೆ ಟೆಲಿಫೋನಿನಲ್ಲಿಯೇ. ಆಮೇಲೆ ಕರ್ಬಿ ಮನೆಯಲ್ಲಿ ಕುಳಿತು ಇಪ್ಪತ್ತು ಪುಟವನ್ನೂ ಪೆನ್ಸಿಲಿನಲ್ಲಿ ಬರೆದು ತರುವುದು. ಯಾರು ಏನು ಮಾಡುತ್ತಿದ್ದಾರೆ, ಏನು ಹೇಳಬಹುದು ಎಂಬುದನ್ನು ಪುಟದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಗುರುತು ಮಾಡುವುದು. ಲೀ ಅದನ್ನು ನೋಡಿ ಮಾತಿನ ಗುಳ್ಳೆಗಳನ್ನು ತುಂಬುವುದು. ಬಳಿಕ ಒಬ್ಬ ಅಕ್ಷರ ಬರೆಯುತ್ತಾನೆ, ಒಬ್ಬ ಪೆನ್ಸಿಲಿನ ಗೆರೆಗಳ ಮೇಲೆ ಕುಂಚದಿಂದ ಮಸಿ ಹಾಕುತ್ತಾನೆ, ಇನ್ನೊಬ್ಬ ಬಣ್ಣ ಸೂಚಿಸುತ್ತಾನೆ. ಅಚ್ಚಾಗುವಾಗ ಅಂಚಿನ ಟಿಪ್ಪಣಿಗಳು ಬಿಟ್ಟುಹೋಗುತ್ತವೆ. ಪುಸ್ತಕದಲ್ಲಿ ಕಾಣುವುದು ‘ಕಥೆ: ಸ್ಟ್ಯಾನ್ ಲೀ, ಚಿತ್ರ: ಜ್ಯಾಕ್ ಕರ್ಬಿ’ ಎಂಬ ಸಾಲು.

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ. ನಾವು ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಹಾಗಲ್ಲ. ಬರೆಯುವವನು ಬೇರೆ, ಬಿಡಿಸುವವನು ಬೇರೆ. ಹಣ, ಹೆಸರು, ಹಕ್ಕು ಎಲ್ಲವೂ ಆ ಎರಡು ಪದಗಳ ನಡುವೆ ಹಂಚಿಹೋಗುತ್ತವೆ. ಮಾತೊಂದೂ ಇಲ್ಲದ ಇಪ್ಪತ್ತು ಪುಟಗಳಲ್ಲಿ ಯಾರು ಎಲ್ಲಿ ಬಂದರು, ಯಾವಾಗ ತಿರುಗಿದರು, ಯಾರ ಮುಖ ಕಂದಿತು, ಎಲ್ಲಿ ಕಥೆ ನಿಂತು ಉಸಿರೆಳೆಯಿತು ಎಂಬುದನ್ನೆಲ್ಲ ನಿರ್ಧರಿಸಿದವನನ್ನು ಕನ್ನಡಿಗನು ‘ಕಥೆ ಬರೆದವನು’ ಎನ್ನಲು ಸಂಕೋಚಪಡಬೇಕಾಗಿಲ್ಲ.

ಹಾಗೆಂದು ಲೀಯನ್ನು ತೆಗೆದುಹಾಕುವಂತಿಲ್ಲ. ಬೆನ್ ಗ್ರಿಮ್ಮನ ಒರಟು ಹಾಸ್ಯ, ನಿರೂಪಕನು ನಡುವೆ ಬಾಯಿ ಹಾಕಿ ಓದುಗನೊಡನೆ ಸಲಿಗೆಯಿಂದ ಹರಟುವುದು, ಸಂಚಿಕೆಯ ಕೊನೆಯ ಪತ್ರಗಳ ಪುಟದಲ್ಲಿ ಹುಡುಗರನ್ನು ಗೆಳೆಯರಂತೆ ಮಾತನಾಡಿಸುವುದು ಇವೆಲ್ಲ ಅವನ ಕೊಡುಗೆ. 1970ರ ನಂತರ ಕರ್ಬಿ ತಾನೇ ಮಾತುಗಳನ್ನೂ ಬರೆದ ಪುಸ್ತಕಗಳನ್ನು ಓದಿದವರಿಗೆ ಲೀ ಏನು ಕೊಟ್ಟಿದ್ದನೆಂಬುದು ತಿಳಿಯುತ್ತದೆ. ಅಲ್ಲಿ ಪಾತ್ರಗಳು ಮಾತಾಡುವುದಿಲ್ಲ, ಘೋಷಿಸುತ್ತವೆ.

ಆದರೂ ಚಿತ್ರಗಳ ಕಡೆಗೇ ಕಣ್ಣು ಹೋಗುತ್ತದೆ. ಕರ್ಬಿಯ ಮನುಷ್ಯರು ಚೌಕದೊಳಗೆ ನಿಲ್ಲುವವರಲ್ಲ. ಮುಷ್ಟಿ ಓದುಗನ ಮೂಗಿನತ್ತಲೇ ಬರುತ್ತದೆ. ಬೆರಳ ತುದಿಗಳು ಚಚ್ಚೌಕ. ಹಿಂದಿಟ್ಟ ಕಾಲು ಮೈಲಿ ದೂರದಲ್ಲಿರುವಂತೆ ಚಿಕ್ಕದಾಗಿದೆ. ಅಂಗರಚನಾಶಾಸ್ತ್ರ ಕಲಿತವರು ಇದನ್ನು ತಪ್ಪೆನ್ನಬಹುದು. ತಪ್ಪೇ ಇರಬಹುದು, ಆದರೆ ಆ ಏಟು ಬಿದ್ದ ಸದ್ದು ಕೇಳುತ್ತದಲ್ಲ! ಅವನ ಯಂತ್ರಗಳು ಏನು ಮಾಡುತ್ತವೆಂದು ಯಾರಿಗೂ ಗೊತ್ತಾಗುವುದಿಲ್ಲ; ಆದರೆ ಅವುಗಳ ತೂಕ ಗೊತ್ತಾಗುತ್ತದೆ. ಬರಿದಾದ ಆಕಾಶದಲ್ಲಿ ಶಕ್ತಿ ಸಿಡಿಯುವುದನ್ನು ತೋರಿಸಲು ಅವನು ಕಂಡುಕೊಂಡ ಉಪಾಯ ಕರಿಯ ಚುಕ್ಕೆಗಳ ಗೊಂಚಲು: ದೊಡ್ಡದು, ಚಿಕ್ಕದು, ಒಂದರ ಮೇಲೊಂದು, ಕುದಿಯುವ ಎಣ್ಣೆಯ ಗುಳ್ಳೆಗಳಂತೆ. ಅಭಿಮಾನಿಗಳು ಅದಕ್ಕೆ ಅವನ ಹೆಸರನ್ನೇ ಇಟ್ಟು ‘ಕರ್ಬಿ ಕ್ರ್ಯಾಕಲ್’ ಎಂದು ಕರೆಯುತ್ತಾರೆ. ಅದೂ ಸಾಲದೆಂದು ಪತ್ರಿಕೆಗಳಿಂದ ಛಾಯಾಚಿತ್ರಗಳನ್ನು ಕತ್ತರಿಸಿ ಅಂಟಿಸಿ ಇಡೀ ಪುಟಗಳನ್ನು ಮಾಡುತ್ತಿದ್ದನು. ಅಗ್ಗದ ಕಾಗದದ ಮೇಲೆ ಅವು ಮಸಿ ಚೆಲ್ಲಿದಂತೆ ಅಚ್ಚಾದುವು, ಅವನು ಬಿಡಲಿಲ್ಲ.

44ನೆಯ ಸಂಚಿಕೆಯಿಂದ ಜೋ ಸಿನ್ನಾಟ್ ಎಂಬವನು ಮಸಿ ಹಾಕತೊಡಗಿದ ಮೇಲೆ ಈ ಪೆನ್ಸಿಲಿಗೆ ತಕ್ಕ ಕುಂಚ ಸಿಕ್ಕಿತು. ಅವನ ಗೆರೆ ನಯ, ಹೊಳಪು; ಲೋಹ ಲೋಹದಂತೆಯೂ ಕಲ್ಲು ಕಲ್ಲಿನಂತೆಯೂ ಕಾಣುವುದು ಅವನ ಕೈಯಲ್ಲಿ. ಮೊದಲ ಸಂಚಿಕೆಯಲ್ಲಿ ಮಣ್ಣಿನ ಮುದ್ದೆಯಂತಿದ್ದ ಬೆನ್ ಗ್ರಿಮ್ ಈಗ ಅಚ್ಚುಕಟ್ಟಾಗಿ ಜೋಡಿಸಿದ ಕಲ್ಲುಚಪ್ಪಡಿಗಳ ಮೈಯವನಾಗಿದ್ದ. ಕಣ್ಣು ಮಾತ್ರ ಮನುಷ್ಯನದು.

ಇದೇ ಕಾಲದಲ್ಲಿ, 1966ರ ಮಾರ್ಚ್‌ನಿಂದ ಮೇವರೆಗಿನ ತಾರೀಖು ಹೊತ್ತ 48, 49, 50ನೆಯ ಸಂಚಿಕೆಗಳಲ್ಲಿ ಗಲಾಕ್ಟಸನ ಕಥೆ ಬಂದಿತು. ಗಲಾಕ್ಟಸ್ ದುಷ್ಟನಲ್ಲ, ಅವನಿಗೆ ಹಸಿವು, ಅಷ್ಟೆ. ಗ್ರಹಗಳ ಸತ್ತ್ವ ಅವನ ಆಹಾರ. ನಾವು ಇರುವೆಗಳ ಮೇಲೆ ಕೋಪಿಸಿಕೊಂಡು ತುಳಿಯುತ್ತೇವೆಯೆ? ನ್ಯೂಯಾರ್ಕಿನ ಆಕಾಶವೆಲ್ಲ ಮೊದಲು ಬೆಂಕಿಯಾಗುತ್ತದೆ, ಬಳಿಕ ಬಂಡೆಗಳಿಂದ ಮುಚ್ಚಿಹೋಗುತ್ತದೆ, ಜನ ಬೀದಿಯಲ್ಲಿ ದಿಕ್ಕೆಟ್ಟು ಓಡುತ್ತಾರೆ. ಮೊದಲ ಕಂತಿನ ಕೊನೆಯ ಪುಟದವರೆಗೂ ಬರುವವನ ಮುಖವನ್ನು ಕರ್ಬಿ ತೋರಿಸುವುದಿಲ್ಲ. ತೋರಿಸಿದಾಗ ಅವನ ಎದೆಯ ಮೇಲೆ ಇಂಗ್ಲಿಷಿನ ‘ಜಿ’ ಅಕ್ಷರ! ಬ್ರಹ್ಮಾಂಡವನ್ನು ನುಂಗುವವನಿಗೆ ಹೆಸರಿನ ಮೊದಲಕ್ಷರ ಹೊಲಿದುಕೊಟ್ಟ ದರ್ಜಿ ಯಾರೋ! ಆ ನಗುವನ್ನೂ ಮೀರಿ ಆ ಪುಟ ನಿಲ್ಲುತ್ತದೆ.

ಅವನಿಗೆ ದಾರಿ ತೋರಿಸುತ್ತ ಮುಂದೆ ಬರುವವನೊಬ್ಬನಿದ್ದಾನೆ. ಬೆಳ್ಳಿಯ ಮೈ, ಕಡಲಲೆಯ ಮೇಲೆ ಜಾರುವವರು ನಿಲ್ಲುವಂಥ ಹಲಗೆಯ ಮೇಲೆ ನಿಂತು ನಕ್ಷತ್ರಗಳ ನಡುವೆ ಸಾಗುತ್ತಾನೆ. ಹೆಸರು ಸಿಲ್ವರ್ ಸರ್ಫರ್. ಇಬ್ಬರೂ ಆಡಿಕೊಂಡ ಕಥೆಯಲ್ಲಿ ಇವನು ಇರಲೇ ಇಲ್ಲ. ಪುಟಗಳು ಬಂದಾಗ ಇವನ್ಯಾರು ಎಂದು ಲೀ ಕೇಳಿದನಂತೆ. ಅಷ್ಟು ದೊಡ್ಡವನ ಮುಂದೆ ಒಬ್ಬ ದೂತ ಬೇಡವೆ ಎಂದನಂತೆ ಕರ್ಬಿ. ಇದನ್ನು ಹೇಳಿದವನು ಸ್ವತಃ ಲೀಯೇ. ಒಮ್ಮೆಯಲ್ಲ, ಹಲವು ಸಲ. ‘ಚಿತ್ರ: ಜ್ಯಾಕ್ ಕರ್ಬಿ’ ಎಂಬ ಸಾಲು ಎಷ್ಟು ಚಿಕ್ಕದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಾಗಿಲ್ಲ. ಏಕೆಂದರೆ ಆ ಕಥೆ ತಿರುಗುವುದೇ ಈ ದೂತನ ಮೇಲೆ. ಅವನು ಬೆನ್ನನ ಗೆಳತಿ ಅಲಿಷಾಳ ಮನೆಯ ಗಾಜಿನ ಮಾಡಿನ ಮೂಲಕ ಒಳಗೆ ಬೀಳುತ್ತಾನೆ. ಅಲಿಷಾ ಕುರುಡಿ, ಶಿಲ್ಪಿ. ಅವನಿಗೆ ಊಟಕೊಡಲು ಹೋಗುತ್ತಾಳೆ; ಮನುಷ್ಯರೆಂದರೇನೆಂದು ಹೇಳುತ್ತಾಳೆ; ದೂತನು ಒಡೆಯನ ವಿರುದ್ಧ ತಿರುಗಿಬೀಳುತ್ತಾನೆ.

ಜಗತ್ತು ಉಳಿಯುತ್ತದೆ. ಆದರೆ ಎಲ್ಲಿ ಉಳಿಯುತ್ತದೆ ನೋಡಿ: ಐವತ್ತನೆಯ ಸಂಚಿಕೆಯ ನಡುವಿನಲ್ಲಿ! ಉಳಿದ ಪುಟಗಳಲ್ಲಿ ಜಾನಿ ಕಾಲೇಜಿಗೆ ಸೇರಲು ಹೊರಡುತ್ತಾನೆ. ಪ್ರಳಯ ತಪ್ಪಿದ ಮರುದಿನ ಹಾಸ್ಟೆಲಿನ ವ್ಯವಸ್ಥೆ. ಈ ಅಳತೆಗೇಡೇ ಆ ಪುಸ್ತಕದ ಜೀವಾಳವೆಂದು ನನ್ನ ಭಾವನೆ. ಇತ್ತ ಬೆನ್ ಗ್ರಿಮ್ ಮಾತ್ರ, ಅಲಿಷಾ ಆ ಬೆಳ್ಳಿಮೈಯವನೊಡನೆ ಮಾತಾಡಿದ್ದನ್ನು ಕಂಡು, ತನ್ನ ಮುಖಕ್ಕೆ ಇನ್ನು ಏನು ಆಸೆ ಎಂದು ಒಬ್ಬನೇ ನಡೆದುಹೋಗುತ್ತಾನೆ.

51ನೆಯ ಸಂಚಿಕೆ ತೆರೆಯುವುದು ಆ ನಡಿಗೆಯ ಮೇಲೆ. ಪುಟದ ತುಂಬ ಒಂದೇ ಚಿತ್ರ: ಮಳೆ, ಮಳೆಯಲ್ಲಿ ನೆನೆಯುತ್ತ ನಿಂತ ಬೆನ್. ಹೊಡೆದಾಟವಿಲ್ಲ, ಯಂತ್ರವಿಲ್ಲ, ಕರಿಯ ಚುಕ್ಕೆಗಳಿಲ್ಲ. ಕಲ್ಲಿನ ಮುಖದಲ್ಲಿ ದುಃಖವನ್ನು ಹೇಗೆ ಬರೆಯುವುದು? ಹುಬ್ಬಿನ ಜಾಗದ ಬಂಡೆಯನ್ನು ಸ್ವಲ್ಪ ಇಳಿಸಿ, ಕಣ್ಣನ್ನು ನೆರಳಿಗೆ ತಳ್ಳಿ, ಭುಜಗಳ ಭಾರವನ್ನೆಲ್ಲ ಕೆಳಗೆ ಬಿಟ್ಟಿದ್ದಾನೆ, ಅಷ್ಟೆ. ಲೋಕ ಮುಳುಗುವ ಮೂರು ಸಂಚಿಕೆಗಳ ಮುಗಿಲೆತ್ತರದ ಚಿತ್ರಗಳನ್ನು ಬರೆದ ಕೈ ಮರುತಿಂಗಳೇ ಹೀಗೆ ತಗ್ಗಿ ಬರೆಯಬಲ್ಲದೆಂಬುದೇ ಸೋಜಿಗ. ಮುಂದಿನ ಕಥೆಯಲ್ಲಿ ಹೆಸರಿಲ್ಲದ ಒಬ್ಬ ವಿಜ್ಞಾನಿ, ರೀಡನ ಕೀರ್ತಿಯನ್ನು ಕಂಡು ಕರುಬಿ, ಯಂತ್ರದಿಂದ ಬೆನ್ನನ ರೂಪವನ್ನು ಕದ್ದು ಅವನ ಮನೆ ಸೇರುತ್ತಾನೆ. ರೀಡ್ ಬೇರೊಂದು ಲೋಕದ ಸುಳಿಯೊಳಗೆ ಹಗ್ಗ ಕಟ್ಟಿಕೊಂಡು ಇಳಿಯುವಾಗ ಹಗ್ಗದ ತುದಿ ಹಿಡಿದವನು ಈ ಮೋಸಗಾರನೇ. ಬಿಟ್ಟರೆ ಮುಗಿಯಿತು. ಅವನು ಬಿಡುವುದಿಲ್ಲ, ತಾನು ದ್ವೇಷಿಸಿದವನು ಎಂಥವನೆಂದು ಹತ್ತಿರದಿಂದ ಕಂಡ ಮೇಲೆ ಅವನನ್ನು ಉಳಿಸಿ ತಾನು ಹೋಗುತ್ತಾನೆ. ಆ ಹೊತ್ತಿಗೆ ನಿಜವಾದ ಬೆನ್, ಮನುಷ್ಯರೂಪ ಮರಳಿದ ಸಂತೋಷದಲ್ಲಿ ಅಲಿಷಾಳ ಬಾಗಿಲಿನವರೆಗೆ ಬಂದಿದ್ದಾನೆ. ಬಾಗಿಲಲ್ಲೇ ಮತ್ತೆ ಕಲ್ಲಾಗುತ್ತಾನೆ. ಇಷ್ಟೆಲ್ಲವೂ ಹನ್ನೆರಡು ಸೆಂಟಿಗೆ.

ಬೆನ್ನನ ಪೂರ್ತಿ ಹೆಸರು ಬೆಂಜಮಿನ್ ಜೇಕಬ್ ಗ್ರಿಮ್. ಕರ್ಬಿಯ ತಂದೆ ಬೆಂಜಮಿನ್, ಕರ್ಬಿ ಜೇಕಬ್. ಬೆನ್ ಹುಟ್ಟಿದ ‘ಯಾನ್ಸಿ ಬೀದಿ’ ಕರ್ಬಿ ಬೆಳೆದ ಕೇರಿಯ ಡೆಲಾನ್ಸಿ ಬೀದಿಯ ನೆರಳು. ಥಿಂಗ್ ಎಂದರೆ ತಾನೇ ಎಂದು ಅವನು ಹೇಳುತ್ತಿದ್ದುದುಂಟು.

ಎಲ್ಲವೂ ಮೆಚ್ಚತಕ್ಕದ್ದೇ ಎಂದು ನಾನು ಹೇಳುವುದಿಲ್ಲ. ಮೊದಲ ವರ್ಷದ ಸಂಚಿಕೆಗಳು ಅವಸರದ ಕೆಲಸ. ಸೂಳನ್ನು ಇಬ್ಬರೂ ನಡೆಸಿಕೊಂಡ ಬಗೆ ಇಂದು ಓದುವವರಿಗೆ ಬೇಸರ ತರುತ್ತದೆ: ಅದೃಶ್ಯಳಾಗುವುದು, ಸೆರೆಸಿಕ್ಕುವುದು, ಮೂರ್ಛೆ ಹೋಗುವುದು. ನಾಲ್ವರಲ್ಲಿ ಅತ್ಯಂತ ಬಲಶಾಲಿ ಅವಳೇ ಎಂಬುದು ಬರೆದವರಿಗೆ ಹೊಳೆದಂತೆ ತೋರದು. ಇನ್ನೊಂದು ಕಡೆ, 52ನೆಯ ಸಂಚಿಕೆಯಲ್ಲಿ ಬ್ಲ್ಯಾಕ್ ಪ್ಯಾಂಥರ್ ಬಂದನು. ಆಫ್ರಿಕದ ಕಾಡಿನ ನಡುವೆ ಯಂತ್ರವಿದ್ಯೆಯಲ್ಲಿ ಅಮೆರಿಕವನ್ನೂ ಮೀರಿಸಿದ ರಾಜ್ಯ, ಅದರ ಅರಸ. 1966ರಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಬಿರುಕು ಬಿಟ್ಟದ್ದೂ ಆ ವರ್ಷವೇ. ಗಲಾಕ್ಟಸನ ಕಥೆ ಅಂಗಡಿಗಳಲ್ಲಿದ್ದಾಗಲೇ, 1966ರ ಜನವರಿಯಲ್ಲಿ, ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಮಾರ್ವೆಲ್ ಬಗ್ಗೆ ಲೇಖನ ಬಂದಿತು. ಅದರಲ್ಲಿ ಲೀ ಚತುರ, ಚೆಲುವ, ಎಲ್ಲಕ್ಕೂ ಮೂಲಪುರುಷ. ಪಕ್ಕದಲ್ಲಿ ಕುಳಿತ ಕರ್ಬಿಯಾದರೋ ಹೆಂಗಸರ ಒಳಉಡುಪಿನ ಕಾರ್ಖಾನೆಯ ಸಹಾಯಕ ಮೇಸ್ತ್ರಿಯಂತೆ ತೋರುವನೆಂದು ವರದಿಗಾರ ಬರೆದ. ಉಡುಪಿನ ಕಾರ್ಖಾನೆಯ ಕೂಲಿಯ ಮಗನಿಗೆ ಇದನ್ನು ಓದಿ ಹೇಗಾಗಿರಬೇಕು! ಅವನು ಜಗಳವಾಡುವ ಬದಲು ಮೆಲ್ಲನೆ ಕೈ ಹಿಂದೆಗೆದನು. ಅನಂತರದ ಒಂದೆರಡು ವರ್ಷಗಳಲ್ಲಿ ಹೊಸ ಪಾತ್ರಗಳು ಬರುವುದು ಕಡಮೆಯಾಯಿತು. 1968ರಲ್ಲಿ ಸಿಲ್ವರ್ ಸರ್ಫರನಿಗೇ ಬೇರೆ ಪುಸ್ತಕ ಹೊರಟಾಗ ಅದರ ಚಿತ್ರಗಳನ್ನು ಬೇರೊಬ್ಬನಿಗೆ ಒಪ್ಪಿಸಿದರು. ತನ್ನ ಕೂಸಿನ ಜಾತಕವನ್ನು ತನ್ನನ್ನು ಕೇಳದೆ ಬರೆದದ್ದು ಕರ್ಬಿಗೆ ನಾಟಿತು. ಅದೇ ವರ್ಷ ಗುಡ್‌ಮನ್ ಕಂಪೆನಿಯನ್ನು ಮಾರಿದನು. ಹೊಸ ಯಜಮಾನರಿಗೆ ಚಿತ್ರಕಾರನೆಂದರೆ ಬದಲಾಯಿಸಬಹುದಾದ ಬಿಡಿಭಾಗ. 1970ರ ಸೆಪ್ಟೆಂಬರ್ ತಾರೀಖಿನ 102ನೆಯ ಸಂಚಿಕೆಯೊಂದಿಗೆ ಕರ್ಬಿ ಈ ಪುಸ್ತಕವನ್ನು ಬಿಟ್ಟು ಎದುರಾಳಿ ಕಂಪೆನಿಗೆ ಹೋದನು. ಒಂಬತ್ತು ವರ್ಷ, ಒಂದೂ ಬಿಡದೆ ನೂರಾ ಎರಡು ಸಂಚಿಕೆ.

ಯಾರು ಸೃಷ್ಟಿಸಿದರು ಎಂಬ ಪ್ರಶ್ನೆಗೆ ಇಬ್ಬರೂ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಹೆಂಡತಿಯ ಒತ್ತಾಯದಿಂದ ತನಗಿಷ್ಟವಾದಂತೆ ಒಂದು ಕಥೆ ಬರೆಯಹೊರಟೆನೆಂದು ಲೀ 1974ರಲ್ಲಿ ಪುಸ್ತಕ ಬರೆದನು. ಮೊದಲ ಸಂಚಿಕೆಯ ಆರಂಭದ ಭಾಗಕ್ಕೆ ಅವನು ಟೈಪು ಮಾಡಿದ ಸಾರಾಂಶವೂ ಇದೆ. ಕರ್ಬಿ 1990ರ ಸಂದರ್ಶನದಲ್ಲಿ ಲೀ ಏನನ್ನೂ ಬರೆಯಲೇ ಇಲ್ಲವೆಂದನು. ಇದು ನೊಂದವನ ಅತಿಶಯೋಕ್ತಿ. ಆದರೆ 1957ರಲ್ಲಿಯೇ ಅವನು ಇನ್ನೊಂದು ಕಂಪೆನಿಗೆ, ವಿಮಾನಾಪಘಾತದಲ್ಲಿ ಸತ್ತು ಬದುಕಿದ ನಾಲ್ವರ ತಂಡದ ಕಥೆಯನ್ನು ಬರೆದಿದ್ದನೆಂಬುದನ್ನು ಮರೆಯುವಂತಿಲ್ಲ.

ಇನ್ನು ಮೂಲ ಚಿತ್ರಗಳ ವಿಷಯ. ಅಚ್ಚಾದ ಮೇಲೆ ಅವು ಕಂಪೆನಿಯ ಗೋದಾಮು ಸೇರುತ್ತಿದ್ದುವು. ಮುಂದೆ ಕಂಪೆನಿ ಹಳೆಯ ಪುಟಗಳನ್ನು ಚಿತ್ರಕಾರರಿಗೆ ಹಿಂದಿರುಗಿಸತೊಡಗ, ಉಳಿದವರಿಗೆಲ್ಲ ಒಂದು ಪುಟದ ಕರಾರುಪತ್ರ ಕಳಿಸಿ ಸಹಿ ಮಾಡಿಸಿಕೊಂಡಿತು. 1984ರಲ್ಲಿ ಕರ್ಬಿಗೆ ಬಂದದ್ದು ನಾಲ್ಕು ಪುಟದ್ದು. ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟರೆ 88 ಪುಟ ಕೊಡುತ್ತೇವೆಂದಿತು. ಅವನು ಆ ಕಂಪೆನಿಗೆ ಬರೆದಿದ್ದ ಪುಟಗಳು ಹತ್ತು ಸಾವಿರಕ್ಕೂ ಮಿಕ್ಕಿ. ಎಪ್ಪತ್ತರ ಹತ್ತಿರದ ಮುದುಕ ಸಹಿ ಮಾಡಲಿಲ್ಲ. 1986ರಲ್ಲಿ ಚಿತ್ರಕಾರರೂ ಲೇಖಕರೂ ಸೇರಿ ಮನವಿಪತ್ರ ಹೊರಡಿಸಿದರು. 1987ರಲ್ಲಿ ಸುಮಾರು ಎರಡು ಸಾವಿರ ಪುಟಗಳು ಮನೆಗೆ ಬಂದುವು. 1994ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯದ ತನ್ನ ಮನೆಯಲ್ಲಿ ಕರ್ಬಿ ತೀರಿಕೊಂಡನು, ರೋಜ್ 1997ರಲ್ಲಿ.

2009ರಲ್ಲಿ ಡಿಸ್ನಿ ಸಂಸ್ಥೆ ಮಾರ್ವೆಲನ್ನು ನಾಲ್ಕು ಶತಕೋಟಿ ಡಾಲರಿಗೆ ಕೊಂಡುಕೊಂಡಿತು. ಅದೇ ವರ್ಷ ಕರ್ಬಿಯ ಮಕ್ಕಳು ಕೃತಿಸ್ವಾಮ್ಯವನ್ನು ಹಿಂದಕ್ಕೆ ಕೇಳಿ ನೋಟೀಸು ಕೊಟ್ಟರು. ಪ್ರಕಾಶಕನ ಪ್ರೇರಣೆಯಿಂದ, ಅವನ ಖರ್ಚಿನಲ್ಲಿ ಆದ ಕೂಲಿಯ ಕೆಲಸವಿದು, ಸ್ವಾಮ್ಯ ಕಂಪೆನಿಯದೇ ಎಂದು 2011ರಲ್ಲಿ ಕೆಳಗಿನ ನ್ಯಾಯಾಲಯವೂ 2013ರಲ್ಲಿ ಮೇಲಿನದೂ ತೀರ್ಪಿತ್ತುವು. ಸುಪ್ರೀಂ ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳುವುದೋ ಬಿಡುವುದೋ ಎಂದು ನಿರ್ಧರಿಸಲು ಕೆಲವೇ ದಿನಗಳಿರುವಾಗ, 2014ರ ಸೆಪ್ಟೆಂಬರ್ 26ರಂದು, ಎರಡು ಕಡೆಯವರೂ ರಾಜಿಯಾದರು. ಹಣದ ಮೊತ್ತ ಬಹಿರಂಗವಾಗಲಿಲ್ಲ. ಅಲ್ಲಿಂದ ಈಚೆಗೆ ‘ಫೆಂಟಾಸ್ಟಿಕ್ ಫೋರ್’ ಪುಸ್ತಕಗಳಲ್ಲಿ ಸೃಷ್ಟಿಸಿದವರು ಎಂದು ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಇಬ್ಬರ ಹೆಸರೂ ಒಟ್ಟಿಗೆ ಅಚ್ಚಾಗುತ್ತದೆ. ಗೋದಾಮಿನಿಂದ ಕಾಣೆಯಾದ ಪುಟಗಳು ಆಗಾಗ ಹರಾಜಿಗೆ ಬಂದು ಭಾರಿ ಬೆಲೆಗೆ ಮಾರಾಟವಾಗುತ್ತವೆ. ಅವುಗಳ ಅಂಚಿನಲ್ಲಿ, ಮಸಿಯ ಗೆರೆಯಿಂದಾಚೆ, ಯಾರು ಏನು ಮಾಡುತ್ತಿದ್ದಾರೆ, ಏನು ಹೇಳಬಹುದು ಎಂದು ಪೆನ್ಸಿಲಿನಲ್ಲಿ ಬರೆದ ಸಣ್ಣ ಅಕ್ಷರಗಳನ್ನು ಈಗಲೂ ಓದಬಹುದು.